ಮೂರು ಜಗ್ಗು

ಮಾರ್ಚ್ ೩, ಸೋಮವಾರ

ಹಿತ್ತಲ ಹಸಿರುಮನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಮೊಳದಷ್ಟು ಬಿಟ್ಟುಕೊಂಡಿದೆ. ಬೆಳಗ್ಗೆ ಹಲ್ಲುಜ್ಜುತ್ತ ಮಹಡಿಯ ಕಿಟಕಿಯಿಂದ ನೋಡಿದರೆ ಯಾರೋ ಒಳಗಿಂದ ಕೈ ಬೀಸಿ ಕರೆದ ಹಾಗಿತ್ತು. ನಾನು ತಿರುಗಿ ಕೈ ಬೀಸಲಿಲ್ಲ. ಕೈಯಲ್ಲಿ ಬ್ರಷ್ಷಿತ್ತು.

ಗಾಳಿಯ ತಿಂಗಳು ಬಂತು. ಹೋದ ವರ್ಷದ ಗಾಳಿಯಿಂದ ಈಚೆಗೆ ಅದಕ್ಕೆ ಯಾರೂ ಕೈ ಹಚ್ಚಿಲ್ಲ. ಅಣ್ಣ ಇದ್ದಿದ್ದರೆ ಫೆಬ್ರವರಿಯಲ್ಲೇ ಎಲ್ಲ ಬಿಗಿಯಾಗಿರುತ್ತಿತ್ತು. ಅವನೇ ಕಟ್ಟಿದ್ದು: ಒಂಬತ್ತು ಪೈಪಿನ ಕಮಾನು, ಮೇಲೊಂದು ಹಾಲುಬಣ್ಣದ ಹಾಳೆ, ಎರಡು ತುದಿಗೂ ಬಾಗಿಲು. ಉದ್ದ ಹದಿನೆಂಟು ಹೆಜ್ಜೆ, ಅಗಲ ಏಳು. ಒಳಗೆ ಅತ್ತಿಗೆಯ ಸಸಿಗಳ ಟ್ರೇ: ಟೊಮೆಟೊ, ಬದನೆ, ದಪ್ಪ ಮೆಣಸಿನಕಾಯಿ. ತೋಟದವರು ತಿಂಗಳ ಕೊನೆಗೆ ಬಂದು ಒಯ್ಯುತ್ತಾರೆ. ಅತ್ತಿಗೆಗೆ ಈಗ ಇರುವ ಕೆಲಸವೂ ಅದೇ, ಹೊತ್ತು ಕಳೆಯುವ ದಾರಿಯೂ ಅದೇ. ಮನೆಯಲ್ಲಿ ನಾವಿಬ್ಬರೇ. ಕೆಳಗೆ ಅವರು, ಮೇಲೆ ನಾನು.

ಹಾಳೆ ಹಾರದಂತೆ ಕಮಾನು ಕಮಾನಿನ ನಡುವೆ ಒಂದೊಂದು ಹಗ್ಗ ಬರಬೇಕು, ಈ ಕಡೆಯ ಗೂಟದಿಂದ ಆ ಕಡೆಯ ಗೂಟಕ್ಕೆ. ಒಟ್ಟು ಎಂಟು. ಹಳೆಯವು ಬಿಸಿಲಿಗೆ ಸತ್ತು ಕೈಯಲ್ಲಿ ಹಿಡಿದರೆ ಪುಡಿ ಉದುರುತ್ತವೆ. ಇಬ್ಬರು ಮಾಡುವ ಕೆಲಸ. ನಾನೊಬ್ಬಳೇ ಮಾಡುತ್ತೇನೆ. ಅತ್ತಿಗೆಯನ್ನು ಕರೆಯಬಹುದು. ಕರೆಯುವುದಿಲ್ಲ.

ಮಾರ್ಚ್ ೫, ಬುಧವಾರ

ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ನೈಲಾನ್ ಹಗ್ಗ ಕೇಳಿದರೆ ಅಂಗಡಿಯವನು ಭಾಷಣ ಕೊಟ್ಟ.

“ಮೇಡಂ, ಗಾಳಿ ಅಂದ್ರೆ ನೆಂಟರ ಥರ. ಹೊರಗೆ ನಿಂತು ಎಷ್ಟು ಬಡಿದ್ರೂ ತೊಂದರೆ ಇಲ್ಲ. ಒಂದು ಸಂದಿ ಸಿಕ್ಕಿ ಒಳಗೆ ಬಂತು ಅಂದ್ರೆ ಮನೇನೇ ಎತ್ತಿಬಿಡುತ್ತೆ.”

“ನಿಮ್ಮ ಮನೇಲಿ ನೆಂಟರು ಜಾಸ್ತಿನಾ?”

“ಈಗ ಮೂರು ಜನ ಇದಾರೆ. ಅದಕ್ಕೇ ಅಂಗಡಿ ಬೇಗ ತೆಗೀತಿದೀನಿ.” ಹಗ್ಗ ಅಳೆಯುತ್ತ ಕೇಳಿದ: “ಆ ಕಡೆ ಯಾರು ಹಿಡೀತಾರೆ?”

“ಇದಾರೆ” ಅಂದೆ.

ಯಾಕೆ ಹಾಗಂದೆನೋ. ದಾರಿಯುದ್ದಕ್ಕೂ ಆ ಒಂದು ಮಾತು ಹಗ್ಗದ ಸುರುಳಿಗಿಂತ ಭಾರವಾಗಿತ್ತು.

ಮಾರ್ಚ್ ೮, ಶನಿವಾರ

ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿದೆ. ಗಾಳಿಗೆ ಎದೆ ನಡುಗುತ್ತದೆಂದು ಅಣ್ಣನ ಹಳೆಯ ರೈನ್‌ಕೋಟು ಹಾಕಿಕೊಂಡೆ. ತೋಳು ನನ್ನ ಬೆರಳು ದಾಟಿ ಜೋತಾಡುತ್ತದೆ. ಹಾಳೆಯ ಅಂಚಿಗೆ ಮಣ್ಣು ತುಂಬಿದ ಚೀಲ ಹೇರಿದೆ. ಬಿಟ್ಟುಕೊಂಡ ಮೂಲೆ ಆ ಕಡೆಯದು, ಅದಕ್ಕೆ ಒಳಗಿನಿಂದಲೇ ಪಾರದರ್ಶಕ ಹಾಳೆಯ ತೇಪೆ ಹಾಕಿದೆ. ಈ ಕಡೆಯ ಎಂಟು ಗೂಟವನ್ನೂ ಮತ್ತೆ ಜಡಿದೆ.

ಆಮೇಲೆ ಹಗ್ಗ. ತುದಿಗೊಂದು ಕಲ್ಲು ಕಟ್ಟಿ ಮೇಲಿನಿಂದ ಆ ಕಡೆಗೆ ಎಸೆದೆ. ಧೊಪ್ ಎಂದು ಬಿತ್ತು. ಈ ಕಡೆಯ ತುದಿಯನ್ನು ಗೂಟಕ್ಕೆ ಬಿಗಿದೆ. ಹೀಗೆ ನಾಲ್ಕು. ಆ ಕಡೆಗೆ ಹೋಗಿ ಉಳಿದ ತುದಿ ಕಟ್ಟಬೇಕಿತ್ತು. ಹೊತ್ತಾಗಿತ್ತು.

ಸುಳ್ಳು. ಮೂರೂವರೆ ಗಂಟೆ ಅಷ್ಟೆ. ಆ ಕಡೆಗೆ ನಾನು ಹೋಗುವುದಿಲ್ಲ. ಆ ಕಡೆ ನೀರಿನ ತೊಟ್ಟಿ ಇದೆ, ತೊಟ್ಟಿಗೆ ಕಟ್ಟೆ ಇದೆ. ವರ್ಷದಿಂದ ಹೋಗಿಲ್ಲ.

ಗೂಟ ಜಡಿದೆ, ಹಗ್ಗ ಎಸೆದೆ, ಚೀಲ ಹೊತ್ತೆ ಬೆನ್ನಿಗೆ;
ಗಾಳಿ ಬಂದು ಕೇಳಿತಷ್ಟೆ, ‘ಆಯ್ತೆ?’ ಎಂದು ತಣ್ಣಗೆ.

ಅಣ್ಣ ನನ್ನನ್ನು ಪ್ರಾಸಮ್ಮ ಎನ್ನುತ್ತಿದ್ದ. ‘ಕಟ್ಟೆ’ಗೆ ಪ್ರಾಸ ಬೇಕಾದಷ್ಟಿವೆ. ಬೇಡ.

ಮಾರ್ಚ್ ೯, ಭಾನುವಾರ

ಬೆಳಗ್ಗೆ ನೋಡಿದರೆ ನಾಲ್ಕೂ ಹಗ್ಗ ಬಿಗಿಯಾಗಿವೆ.

ನಿನ್ನೆ ಸಡಿಲವಾಗಿ ಬಿದ್ದಿದ್ದವು, ಕಣ್ಣಾರೆ ಕಂಡಿದ್ದೇನೆ. ಈಗ ಬೆರಳಲ್ಲಿ ಮೀಟಿದರೆ ತಂತಿಯ ಹಾಗೆ ಮಿಡಿಯುತ್ತವೆ. ಒಳಗೆ ಹೋಗಿ ತೇಪೆಯ ಕಿಂಡಿಯಿಂದ ಆ ಕಡೆಯ ಮೊದಲ ಗೂಟ ನೋಡಿದೆ. ಎರಡು ಸುತ್ತು, ಒಂದು ಕುಣಿಕೆ, ಉಳಿದ ತುದಿ ಮೇಲ್ಮುಖವಾಗಿ ಸಿಕ್ಕಿಸಿದೆ. ‘ಗಾಳಿಗೆ ಬಾಲ ಕೊಡಬಾರದು, ಹಿಡಿದು ಎಳೆಯುತ್ತೆ’ ಎಂದು ಬಾಲವನ್ನು ಮೇಲಕ್ಕೆ ಸಿಕ್ಕಿಸುವವನು ನನಗೆ ಗೊತ್ತಿರುವಂತೆ ಒಬ್ಬನೇ.

ಒಳಗೆ ನಿಂತೇ ಇದ್ದೆ. ಗಾಳಿ ಬಂದಾಗ ಹಾಳೆ ಉಬ್ಬುತ್ತದೆ, ಹೋದಾಗ ಕಮಾನಿಗೆ ಅಂಟುತ್ತದೆ. ಯಾರದೋ ಎದೆಯೊಳಗೆ ನಿಂತ ಹಾಗೆ.

ಮಾರ್ಚ್ ೧೨, ಬುಧವಾರ

ಪ್ರೆಸ್ಸಿನಲ್ಲಿ ಏಳನೇ ತರಗತಿಯ ಗೈಡಿನ ಕರಡು ತಿದ್ದಿದೆ. ‘ಗಾಳಿಯಲ್ಲಿ ಎಷ್ಟು ಭಾಗ ಆಮ್ಲಜನಕವಿದೆ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಉತ್ತರ ಅಚ್ಚಾಗಿತ್ತು. ಇಷ್ಟು ಒಳ್ಳೆಯ ಉತ್ತರವನ್ನು ತಿದ್ದಲು ಮನಸ್ಸಾಗಲಿಲ್ಲ. ತಿದ್ದಿದೆ. ಇಪ್ಪತ್ತೆರಡು ವರ್ಷದಿಂದ ಊರವರ ತಪ್ಪು ತಿದ್ದಿ ಊಟ ಮಾಡುತ್ತಿದ್ದೇನೆ.

ಸಂಜೆ ಐದನೆಯ ಹಗ್ಗ ಎಸೆದೆ. ಅತ್ತಿಗೆ ಪೇಟೆಗೆ ಹೋಗಿದ್ದರು, ಅವರ ಚಪ್ಪಲಿ ಬಾಗಿಲಲ್ಲಿರಲಿಲ್ಲ. ಈ ಕಡೆಯ ತುದಿ ಕೈಯಲ್ಲಿ ಹಿಡಿದು ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ. ಹಗ್ಗ ಜಗ್ಗಿತು. ಒಂದು. ಎರಡು. ಮೂರು.

ಇದನ್ನು ಬರೆದಿಡಬೇಕು. ಅಣ್ಣನೂ ನಾನೂ ಹಸಿರುಮನೆ ಬಿಗಿಯುವಾಗ ಅವನು ಆ ಕಡೆ, ನಾನು ಈ ಕಡೆ. ಹಾಲುಬಣ್ಣದ ಹಾಳೆಯಾಚೆ ಒಬ್ಬರಿಗೊಬ್ಬರು ಬರೀ ನೆರಳು. ಗಾಳಿಗೆ ಹಾಳೆ ಬಡಿದುಕೊಳ್ಳುವ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಅದಕ್ಕೇ ಹಗ್ಗದಲ್ಲೇ ಮಾತು. ಒಂದು ಜಗ್ಗು ಎಂದರೆ ಎಳೆ. ಎರಡು ಎಂದರೆ ಸಡಿಲ ಬಿಡು. ಮೂರು ಎಂದರೆ ನನ್ನ ಕಡೆ ಕಟ್ಟಿಯಾಯಿತು, ನೀನು ಕೈ ಬಿಡಬಹುದು.

ಇವತ್ತು ಬಿಡಲಿಲ್ಲ. ಅಂಗೈ ಉರಿಯುವವರೆಗೆ ಹಿಡಿದು ಕೂತಿದ್ದೆ. ಅತ್ತಿಗೆ ಬಂದು ಗೇಟು ಕಿರ್ರೆಂದಾಗ ಗೂಟಕ್ಕೆ ಸುತ್ತಿ ಎದ್ದೆ.

ಮಾರ್ಚ್ ೧೫, ಶನಿವಾರ

ಸಂಜೆ ಟ್ರೇಗಳಿಗೆ ನೀರು ಚಿಮುಕಿಸುತ್ತಿದ್ದೆ. ಸೂರ್ಯ ಆ ಕಡೆಯ ಗೋಡೆಯ ಹಿಂದೆ ಇಳಿಯುತ್ತಿದ್ದ, ಹಾಳೆ ಪೂರ್ತಿ ಬೆಳ್ಳಗೆ ಬೆಳಗುತ್ತಿತ್ತು. ಅದರ ಮೇಲೆ ಒಂದು ನೆರಳು. ಬಗ್ಗಿತು, ಎದ್ದಿತು. ಮತ್ತೆ ಬಗ್ಗಿತು. ಜೊತೆಗೆ ಸರ್, ಸರ್ ಎನ್ನುವ ಸದ್ದು. ಕಟ್ಟೆಯ ಹತ್ತಿರವೇ.

ನೀರಿನ ಡಬ್ಬ ಅಲ್ಲೇ ಇಟ್ಟು ಮೇಲೆ ಬಂದೆ. ಮೆಟ್ಟಿಲು ಹದಿನಾಲ್ಕು. ಎಣಿಸುತ್ತ ಹತ್ತಿದೆ, ಎಣಿಸುವಾಗ ಬೇರೇನೂ ತೋಚುವುದಿಲ್ಲ. ಊಟಕ್ಕೆ ಅತ್ತಿಗೆ ಕೂಗಿದರು. ಹಸಿವಿಲ್ಲ ಅಂದೆ.

ಮಾರ್ಚ್ ೧೬, ಭಾನುವಾರ

ಇವತ್ತೂ ಅದೇ ಹೊತ್ತಿಗೆ ಅದೇ ನೆರಳು. ಹಲ್ಲು ಕಚ್ಚಿಕೊಂಡು ತೇಪೆಯ ಕಿಂಡಿಗೆ ಕಣ್ಣಿಟ್ಟೆ.

ಅತ್ತಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒರಟು ಬ್ರಷ್ಷಿನಿಂದ ತೊಟ್ಟಿಯ ಕಟ್ಟೆ ಉಜ್ಜುತ್ತಿದ್ದರು. ಪಾಚಿ ಎಂದೋ ಹೋಗಿದೆ. ಸಿಮೆಂಟು ಬಿಳಿಚಿಕೊಂಡು ಒಳಗಿನ ಜಲ್ಲಿಕಲ್ಲು ಕಾಣುತ್ತಿದೆ. ಆದರೂ ಉಜ್ಜುತ್ತಿದ್ದರು.

ಆಮೇಲೆ ಅಡುಗೆಮನೆಯಲ್ಲಿ ಕಾಫಿ ಕೊಟ್ಟರು. ಅವರ ಬೆರಳ ಗಂಟುಗಳಲ್ಲಿ ಚರ್ಮ ಕಿತ್ತಿತ್ತು.

“ಹಗ್ಗ ಎಸೆದು ಹಾಗೇ ಹೋಗ್ತೀಯಲ್ಲೇ. ಆ ಕಡೆ ಕಟ್ಟೋಕೆ ನಿಮ್ಮಪ್ಪ ಆಳು ಇಟ್ಟಿದ್ನಾ?”

“ನೀವು ಕಟ್ಟಿದ್ರಾ?”

“ಇನ್ಯಾರು ಕಟ್ತಾರೆ?”

“ಆ ಗಂಟು...”

“ಮದುವೆ ಆದ ಹೊಸದರಲ್ಲಿ ನಿಮ್ಮಣ್ಣ ಕಲಿಸಿದ್ದು. ಬೇರೆಯವರು ಸಿನಿಮಾಕ್ಕೆ ಕರ್ಕೊಂಡು ಹೋಗ್ತಿದ್ರು, ಇವರು ಗಂಟು ಕಲಿಸಿದ್ರು.” ನಕ್ಕರು. ನಗು ಅರ್ಧಕ್ಕೆ ನಿಂತಿತು. “ಅವತ್ತು ಬೆಳಗ್ಗೆ ಹೇಳಿದ್ರು ಕಣೇ. ಕಟ್ಟೆ ಮೇಲೆ ಪಾಚಿ ಕಟ್ಟಿದೆ, ಉಜ್ಜಿಬಿಡು, ಗಾಳಿ ಹೊತ್ತಿಗೆ ಅಲ್ಲೇ ನಿಲ್ಲಬೇಕು ಅಂತ. ನಾಳೆ ಉಜ್ತೀನಿ ಅಂದೆ. ಸೊಂಟ ನೋವಿತ್ತು.”

ನಾನು ಲೋಟ ಕೆಳಗಿಟ್ಟೆ.

“ಇನ್ನೊಂದು ವಿಷ್ಯ” ಅಂದರು. “ಆ ಕೋಟು ಹಾಕ್ಕೊಂಡು ನೀನು ಈ ಕಡೆ ಓಡಾಡಿದ್ರೆ ಹಾಳೆ ಆಚೆಯಿಂದ ಅವರೇ ಅನ್ನಿಸುತ್ತೆ. ಎದೆ ಧಸಕ್ ಅನ್ನುತ್ತೆ.”

“ತೆಗೆದಿಡ್ತೀನಿ, ಅತ್ತಿಗೆ.”

“ಬೇಡ” ಅಂದರು. “ಹಾಕ್ಕೋ.”

ಮಾರ್ಚ್ ೧೭, ಸೋಮವಾರ

ಪ್ರೆಸ್ಸಿಗೆ ಹೋಗಲಿಲ್ಲ. ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ.

ಅವತ್ತು ಗಾಳಿ ಜೋರಾಗಿತ್ತು. ಮೂರನೆಯ ಹಗ್ಗ. ಅಣ್ಣ ಆ ಕಡೆ ಕಟ್ಟೆಯ ಮೇಲೆ ನಿಂತು ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆಯುತ್ತಿದ್ದ. ನಾನು ಈ ಕಡೆಯ ತುದಿಯನ್ನು ಕೈಯಲ್ಲಿ ಹಿಡಿದಿದ್ದೆ. ಮೂರು ಜಗ್ಗು ಬಂತು. ಕಟ್ಟಿದ ಅಂದುಕೊಂಡೆ. ಕೈ ಬಿಟ್ಟೆ.

ಅವನು ಕಟ್ಟಿರಲಿಲ್ಲ. ಜಗ್ಗಿದ್ದು ಗಾಳಿ. ಹಾಳೆ ಉಬ್ಬಿ ಇಳಿದಾಗ ಹಗ್ಗ ತಾನೇ ಜಗ್ಗುತ್ತದೆ, ಅದು ಈಗ ಗೊತ್ತು. ಅವನು ಹಿಂದಕ್ಕೆ ಬಿದ್ದ. ಹಿಂದೆ ಬಟ್ಟೆ ಒಗೆಯುವ ಕಲ್ಲಿತ್ತು.

ನನಗೇನೂ ಕೇಳಿಸಲಿಲ್ಲ. ನಾಲ್ಕನೆಯದನ್ನು ಎಸೆದೆ. ಅದಕ್ಕೂ ಮೂರು ಜಗ್ಗು ಬಂತು. ಐದನೆಯದಕ್ಕೂ ಬಂತು. ‘ಇವತ್ತು ಅಣ್ಣ ಚುರುಕಾಗಿದ್ದಾನೆ’ ಅಂದುಕೊಂಡೆ. ಅತ್ತಿಗೆ ಕಾಫಿ ತೆಗೆದುಕೊಂಡು ಆ ಕಡೆಗೆ ಹೋದಾಗ ಲೋಟ ಬಿದ್ದ ಸದ್ದು ಮಾತ್ರ ಕೇಳಿಸಿತು.

ಪಾಚಿಗೆ ಜಾರಿದ ಎಂದು ಎಲ್ಲರೂ ಅಂದರು. ಡಾಕ್ಟರೂ ಅಂದರು. ನಾನು ಸುಮ್ಮನಿದ್ದೆ. ನನ್ನ ತಪ್ಪನ್ನು ಪಾಚಿ ಹೊತ್ತುಕೊಂಡಿದೆ, ಪಾಚಿಗೇನು ನಷ್ಟ ಅಂದುಕೊಂಡು ಒಂದು ವರ್ಷ ಕಳೆದೆ. ಹೊತ್ತಿದ್ದು ಪಾಚಿಯಲ್ಲ.

ಕಟ್ಟೆ. ಬಿಟ್ಟೆ. ಇದೇ ಆ ಪ್ರಾಸ.

ಮಾರ್ಚ್ ೧೯, ಬುಧವಾರ

ಹೇಳಲೇಬೇಕೆಂದು ಕೆಳಗಿಳಿದೆ. ಅತ್ತಿಗೆ ಟ್ರೇಗೆ ಬೀಜ ಹಾಕುತ್ತಿದ್ದರು, ಒಂದೊಂದು ಗುಳಿಗೆ ಒಂದೊಂದು.

“ಏನೇ, ಬಾಗಿಲಲ್ಲಿ ನಿಂತ್ಕೊಂಡು ನನ್ನ ಮುಖದಲ್ಲಿ ಕರಡು ತಿದ್ದುತ್ತಿದೀಯಾ?”

“ಅತ್ತಿಗೆ, ಆ ಪಾಚಿ...”

“ಪಾಚಿ ಏನು?”

“ಸುಣ್ಣ ಬಳಿದ್ರೆ ಮತ್ತೆ ಬರಲ್ವಂತೆ.”

ಹೂಂ, ನೋಡೋಣ ಅಂದರು.

ನನ್ನಂಥವಳಿಗೆ ಸುಣ್ಣವಾದರೂ ಯಾಕೆ, ದಂಡ.

ಮಾರ್ಚ್ ೨೦, ಗುರುವಾರ

ಆರು, ಏಳು, ಎಂಟನೆಯ ಹಗ್ಗ ಎಸೆದು ಬಂದೆ. ಆ ಕಡೆ ಅತ್ತಿಗೆ ಕಟ್ಟುತ್ತಾರೆ, ಕಟ್ಟೆಯ ಮೇಲೆ ನಿಂತು. ಈ ಕಡೆ ನಾನಿರುವುದಿಲ್ಲ. ಇದೇ ಸರಿ ಅನ್ನಿಸುತ್ತದೆ. ನನ್ನ ಕೈ ಹಗ್ಗದಲ್ಲಿ ಇಲ್ಲದಿದ್ದರೆ ಯಾರೂ ಬೀಳುವುದಿಲ್ಲ.

ಕೈ ನೋಡಲು ಎಂದಿನಂತೆಯೇ ಇದೆ. ಪೆನ್ನು ಹಿಡಿದಿದೆ.

ಮಾರ್ಚ್ ೨೨, ಶನಿವಾರ

ಅಕ್ಷರ ಹೇಗೆ ಬಂದರೆ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಎರಡಕ್ಕೆ ಆಕಾಶ ಮಣ್ಣುಬಣ್ಣಕ್ಕೆ ತಿರುಗಿತು. ಪ್ರೆಸ್ಸಿನ ಮಾಲೀಕರು ಬೇಗ ಬಿಟ್ಟರು. ಗೇಟು ತೆಗೆಯುವಷ್ಟರಲ್ಲಿ ಗಾಳಿ ನನ್ನನ್ನೇ ಒಳಕ್ಕೆ ತಳ್ಳಿತು. ಹಸಿರುಮನೆ ಉಬ್ಬಿ ನಿಂತಿತ್ತು, ಉಸಿರು ಎಳೆದುಕೊಂಡವರು ಬಿಡುವುದನ್ನು ಮರೆತ ಹಾಗೆ. ಮೂರನೆಯ ಹಗ್ಗ ನಡುವೆ ತುಂಡಾಗಿತ್ತು. ಎಂಟರಲ್ಲಿ ಮೂರನೆಯದೇ ಆಗಬೇಕಿತ್ತೆ.

ಅತ್ತಿಗೆ ಎರಡು ಬಾಗಿಲನ್ನೂ ಒಳಗಿಂದ ಬಿಗಿದು, ಅಂಚಿನಡಿ ನುಸುಳಿ ಹೊರಗೆ ಬಂದರು. ತಲೆತುಂಬ ಮಣ್ಣು.

“ಇನ್ನೊಂದು ಹಗ್ಗ ಹಾಕು” ಅಂದರು. “ಆ ಕಡೆ ನಾನು ಹೋಗ್ತೀನಿ.”

“ನಾನು ಹೋಗ್ತೀನಿ, ಅತ್ತಿಗೆ.”

“ನೀನು ಆ ಕಡೆ ಹೋಗಿ ವರ್ಷ ಆಯ್ತು. ಇವತ್ತು ಹೋಗ್ತೀಯಾ?” ಅಂದು ಹೊರಟೇಬಿಟ್ಟರು. ಅವರಿಗೆ ಅದೂ ಗೊತ್ತಿತ್ತು.

ಕಲ್ಲು ಕಟ್ಟಿ ಎಸೆದೆ. ಹಗ್ಗ ಬಿಗಿಯಾಯಿತು. ಹಾಳೆಯ ಮೇಲೆ ನೆರಳು ಕಂಡಿತು, ಎತ್ತರದಲ್ಲಿ. ಕಟ್ಟೆ ಹತ್ತಿದ್ದಾರೆ. ಹಿಂದಕ್ಕೆ ವಾಲಿದ್ದಾರೆ. ಅಣ್ಣ ವಾಲಿದಷ್ಟೇ.

ಒಂದು ಜಗ್ಗು. ಎರಡು. ಮೂರು.

ಬಿಡಲಿಲ್ಲ. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೆ. ಮತ್ತೆ ಮೂರು ಬಂತು, ಅಷ್ಟೇ ಲೆಕ್ಕವಾಗಿ, ಅಷ್ಟೇ ನಿಧಾನವಾಗಿ, ಅಣ್ಣನೇ ‘ಸಾಕು ಬಿಡೇ ಪ್ರಾಸಮ್ಮ’ ಅಂದ ಹಾಗೆ. ನನಗೆ ಅಳು ಬಂತು.

“ಅತ್ತಿಗೆ, ಕಟ್ಟಿದ್ರಾ?”

ಹಾಳೆ ಬಡಿದುಕೊಳ್ಳುತ್ತಿತ್ತು. ಮುಖವನ್ನು ಹಾಳೆಗೆ ಒತ್ತಿ ಕೂಗಿದೆ. ಒಮ್ಮೆ ಬಾಯಿ ತೆರೆದ ಮೇಲೆ ಕಟ್ಟಿದಿರಾ ಎಂಬುದೊಂದೇ ಬರಲಿಲ್ಲ, ಎಲ್ಲ ಬಂತು. ಪಾಚಿ ಅಲ್ಲ ಅತ್ತಿಗೆ, ನಾನು. ಮೂರು ಜಗ್ಗು ಬಂತು, ಕಟ್ಟಿದ ಅಂದ್ಕೊಂಡೆ, ನಾನೇ ಬಿಟ್ಟೆ, ನೀವು ಉಜ್ಜದಿದ್ದಕ್ಕಲ್ಲ, ನಾನು ಬಿಟ್ಟಿದ್ದಕ್ಕೆ.

ನೆರಳು ಅಲ್ಲಾಡಲಿಲ್ಲ. ಹಗ್ಗ ಒಂದು ಕ್ಷಣ ಸಡಿಲಾಯಿತು. ಮತ್ತೆ ಬಿಗಿಯಾಯಿತು.

ಆಮೇಲೆ ಅತ್ತಿಗೆಯ ದನಿ, ಹಾಳೆಯ ಆಚೆಯಿಂದ, ತೀರ ಹತ್ತಿರ:

“ಈಗ ಹಿಡ್ಕೊಂಡಿದೀಯಾ?”

“ಹಿಡ್ಕೊಂಡಿದೀನಿ.”

“ಹಾಗಾದ್ರೆ ಹಿಡ್ಕೊಂಡೇ ಇರು. ನಾನಿನ್ನೂ ಕಟ್ಟಿಲ್ಲ.”

“ಮೂರು ಸಲ ಜಗ್ಗಿದ್ರಲ್ಲ?”

“ನಾನು ಜಗ್ಗೇ ಇಲ್ಲ ಕಣೇ.”

ಎಷ್ಟು ಹೊತ್ತೋ. ನೆರಳು ಇಳಿಯಿತು, ಬಗ್ಗಿತು. ಅತ್ತಿಗೆ ತುದಿಯ ಬಾಗಿಲು ಸುತ್ತಿಕೊಂಡು ಈ ಕಡೆಗೆ ಬಂದರು. ನನ್ನ ಮುಖ ನೋಡಲಿಲ್ಲ. ನನ್ನ ಮುಂಗೈಯಿಂದ ಹಗ್ಗ ಬಿಚ್ಚಿ, ತಾವೇ ಗೂಟಕ್ಕೆ ಎರಡು ಸುತ್ತು ಸುತ್ತಿ, ಬಾಲ ಮೇಲಕ್ಕೆ ಸಿಕ್ಕಿಸಿ ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

ಹಸಿರುಮನೆ ನಿಂತಿದೆ.

ಮಾರ್ಚ್ ೨೩, ಭಾನುವಾರ

ಮಾತಿಲ್ಲ. ಊಟ ಮೆಟ್ಟಿಲ ಮೇಲೆ ಮುಚ್ಚಿಟ್ಟಿತ್ತು.

ಮಾರ್ಚ್ ೨೪, ಸೋಮವಾರ

ಇಲ್ಲ.

ಮಾರ್ಚ್ ೨೬, ಬುಧವಾರ

ಪ್ರೆಸ್ಸಿನಲ್ಲಿ ಒಂದು ಪುಟವನ್ನು ಐದು ಸಲ ಓದಿದೆ. ಏನಿತ್ತೆಂದು ಈಗ ಕೇಳಿದರೆ ಹೌದು ಎಂದೇ ಉತ್ತರ.

ಊಟದ ತಟ್ಟೆ ದಿನಾ ಇರುತ್ತದೆ. ಬಿಸಿಯಾಗಿಯೇ ಇರುತ್ತದೆ. ಬೈದಿದ್ದರೆ ಇದಕ್ಕಿಂತ ಸುಲಭವಾಗಿ ಇಳಿಯುತ್ತಿತ್ತು. ಸಂಜೆ ಕಿಟಕಿಯಲ್ಲಿ ನಿಂತು ಸರ್ ಸರ್ ಸದ್ದಿಗೆ ಕಾದೆ. ಬರಲಿಲ್ಲ. ಹಾಳೆಯ ಉಸಿರಾಟ ಮಾತ್ರ.

ಮಾರ್ಚ್ ೩೦, ಭಾನುವಾರ

ಬೆಳಗ್ಗೆ ಬಾಗಿಲು ತೆರೆದರೆ ಕೊನೆಯ ಮೆಟ್ಟಿಲ ಮೇಲೆ ತಟ್ಟೆಯ ಬದಲು ಆ ಒರಟು ಬ್ರಷ್ಷಿತ್ತು.

ಅರ್ಥವಾಯಿತು ಅಂದುಕೊಂಡೆ. ಇಷ್ಟು ದಿನ ಅವರು ಉಜ್ಜಿದ್ದು, ಇನ್ನು ನಾನು. ನ್ಯಾಯವೇ. ಬ್ರಷ್ ಹಿಡಿದು ಹಿತ್ತಲಿಗೆ ಹೋದೆ, ಹಸಿರುಮನೆ ಸುತ್ತಿದೆ. ಒಗೆಯುವ ಕಲ್ಲು ಅಲ್ಲೇ ಇದೆ. ನಾನು ನೆನೆದಿದ್ದಕ್ಕಿಂತ ತುಂಬ ಚಿಕ್ಕದು. ಕಟ್ಟೆಯ ಮುಂದೆ ಕೂತು ಮೊದಲ ಸಲ ಉಜ್ಜಿದ್ದೇನೆ ಅಷ್ಟೆ.

“ಏನು ಮಾಡ್ತಿದೀಯೇ?”

ಅತ್ತಿಗೆ ಕೈಯಲ್ಲಿ ಎರಡು ಲೋಟ ಹಿಡಿದು ನಿಂತಿದ್ದರು.

“ನೀವೇ ಇಟ್ಟಿದ್ರಲ್ಲ, ಉಜ್ಜು ಅಂತ.”

“ಕಸದ ಗಾಡಿಗೆ ಹಾಕು ಅಂತ ಇಟ್ಟೆ. ಬಾಯಿ ಬಿಟ್ಟು ಕೇಳೋದು ಅನ್ನೋದು ನಿಮ್ಮ ವಂಶದಲ್ಲೇ ಇಲ್ಲ.” ಲೋಟ ಕೊಟ್ಟರು. ಪಕ್ಕದಲ್ಲಿ ಕೂತರು.

“ಸಿಟ್ಟು ಹೋಗಿಲ್ಲ” ಅಂದರು. “ಹೋಗುತ್ತೋ ಇಲ್ವೋ ಗೊತ್ತಿಲ್ಲ. ಬಿಟ್ಟಿದ್ದಕ್ಕಲ್ಲ. ಒಂದು ವರ್ಷ ನಾನು ಉಜ್ಜೋದನ್ನ ನೋಡ್ತಾ ಇದ್ದಿದ್ದಕ್ಕೆ.”

“ನೀವು ಉಜ್ಜೋದು ನನಗೆ ಮೊನ್ನೆವರೆಗೂ ಗೊತ್ತಿರ್ಲಿಲ್ಲ, ಅತ್ತಿಗೆ. ಈ ಕಡೆ ಬಂದೇ ಇರ್ಲಿಲ್ಲ.”

“ಅದಕ್ಕೂ ಸಿಟ್ಟಿದೆ.” ಒಂದು ಗುಟುಕು ಕುಡಿದರು. “ಅವತ್ತು ಗಾಳೀಲಿ ನನ್ನ ಕೈಗೂ ಬಂತು ಕಣೇ, ಮೂರು ಜಗ್ಗು. ನಿನ್ನ ಕಡೆಯಿಂದ ಬಂದ ಹಾಗೇ ಬಂತು. ನೀನು ಕಟ್ಟಿದೆ ಅಂದ್ಕೊಂಡೆ. ಇನ್ನೇನು ಬಿಡ್ತಿದ್ದೆ. ಅಷ್ಟರಲ್ಲಿ ನೀನು ಕೂಗಿದೆ.”

ಬ್ರಷ್ಷನ್ನು ಪಕ್ಕಕ್ಕಿಟ್ಟೆ.

“ಇನ್ಮೇಲೆ ಜಗ್ಗೋದು ಗಿಗ್ಗೋದು ಬೇಡ” ಅಂದರು. “ಎಷ್ಟೇ ಗಾಳಿ ಇರ್ಲಿ, ಕೂಗು. ಗಂಟಲು ಹರಿದ್ರೂ ಪರವಾಗಿಲ್ಲ, ಕಾಫಿ ನಾನು ಕೊಡ್ತೀನಿ.”

ಏಳುವಾಗ ನೋಡಿದೆ. ವಾರದಿಂದ ಯಾರೂ ಮುಟ್ಟದ ಕಟ್ಟೆಯ ಸಂದಿಯಲ್ಲಿ ಬೆರಳಗಲ ಹಸಿರು ಬಂದಿದೆ. ಅತ್ತಿಗೆಯೂ ನೋಡಿದರು.

“ಜಾರುತ್ತೆ, ಈ ಕಡೆಯಿಂದ ಬಾ” ಅಂದರು.

ತೋಟದವರು ನಾಳೆ ಸಸಿಗೆ ಬರುತ್ತಾರೆ. ಎಂಟೂ ಗಂಟುಗಳನ್ನು ಇಬ್ಬರೂ ಮುಟ್ಟಿ ನೋಡುತ್ತ ಬಂದೆವು. ಗಾಳಿ ಇರಲಿಲ್ಲ ಅನ್ನುವಷ್ಟು ಕಡಿಮೆ. ಮೂರನೆಯ ಹಗ್ಗದ ಹತ್ತಿರ ಬಂದಾಗ ಅದು ನಮ್ಮ ಕಣ್ಣೆದುರೇ ಅಲುಗಿತು. ಒಂದು. ಎರಡು. ಮೂರು.

“ಗಾಳಿ” ಅಂದರು ಅತ್ತಿಗೆ.

“ಗಾಳಿ” ಅಂದೆ.

ಇಬ್ಬರೂ ಅದರ ಮೇಲೆ ಕೈಯಿಟ್ಟು ನಿಂತೆವು, ಅದು ಸುಮ್ಮನಾಗುವವರೆಗೆ.